ನೀರು ಬಲಗಡೆಗೆ

ಮಾರ್ಚ್ 3, ಸೋಮವಾರ. ಬೆಳಗ್ಗೆ 5:50

ಮಾವ ಹೊರಟರು. ಫ್ಲಾಸ್ಕಿಗೆ ಚಹಾ ತುಂಬಿಕೊಟ್ಟೆ. ಸಕ್ಕರೆ ಸಾಲದು ಎಂದು ನಿನ್ನೆ ಗೊಣಗಿದ್ದರು, ಇವತ್ತು ಪಾಕ ಮಾಡಿ ಕೊಟ್ಟಿದ್ದೇನೆ. ಕುಡಿಯಲಿ. ವಯಸ್ಸು ಎಪ್ಪತ್ತೊಂದು, ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ಜೇಬಿನಲ್ಲಿ ಪೆನ್ಸಿಲ್ಲು. ಅತ್ತೆ ಹೋದ ಮೇಲೆ ಅರ್ಧ ವರ್ಷ ಗೋಡೆ ನೋಡುತ್ತ ಕುಳಿತಿದ್ದ ಮನುಷ್ಯ. ಈ ಸೈಕಲ್ಲು ಅವರನ್ನು ಎಬ್ಬಿಸಿತು.

ಇವತ್ತು ಪ್ರೆಸ್ಸಿನಲ್ಲಿ ಮಾವನ ಪುಸ್ತಿಕೆಯದೇ ಕೆಲಸ. ‘ವಾಹನವಿಲ್ಲದ ದಾರಿಗಳು’, ಎರಡನೇ ಮುದ್ರಣ. ಸೈಕಲ್ ಸಂಘದವರು ಹಾಕಿಸುತ್ತಿರುವುದು. ಸವಾರಿ ಮಾವನದು, ಟೈಪಿಂಗ್ ನನ್ನದು. ಕಾಲುವೆ ಏರಿಯ ಮೇಲೆ ಹೋಗುವುದು, ಸೇತುವೆ ದಾಟಿ ಆಚೆ ಏರಿಯಲ್ಲಿ ವಾಪಸ್ ಬರುವುದು. ಹೋಗುವಾಗಲೂ ನೀರು ಬಲಗಡೆ, ಬರುವಾಗಲೂ ನೀರು ಬಲಗಡೆ. "ಹಾಗಿದ್ರೆ ಲೆಕ್ಕ ತಪ್ಪಲ್ಲ" ಎನ್ನುತ್ತಾರೆ. ಮೂವತ್ತೊಂದು ವರ್ಷ ಸರ್ವೆಯರ್ ಆಗಿದ್ದವರ ಹಟ ಅದು.

ಮಾರ್ಚ್ 7, ಶುಕ್ರವಾರ

ತಲೆ ಕೆಟ್ಟುಹೋಗಿದೆ. ಸಂಘಕ್ಕೆ ಮೂರು ಕಾಗದ ಬಂದಿವೆಯಂತೆ. ಮೊದಲ ಮುದ್ರಣ ಹಿಡಿದುಕೊಂಡು ಹೋದವರು ಬರೆದದ್ದು. ಮೂರನೇ ಸೇತುವೆ ಹತ್ತಿರದ ಕಬ್ಬಿಣದ ಗೇಟು ಪುಸ್ತಿಕೆಯಲ್ಲಿ ಇಲ್ಲ. ಇಟ್ಟಿಗೆ ಗೂಡಿನ ಬಳಿ ದಾರಿ ಕವಲೊಡೆಯುತ್ತದೆ, ಅದೂ ಇಲ್ಲ. ಒಬ್ಬ ಟೀಚರಮ್ಮ ಕಲ್ಲುಕಂಬಕ್ಕೆ ಹ್ಯಾಂಡಲ್ ತಗುಲಿಸಿಕೊಂಡು ಬಿದ್ದರಂತೆ. ಮಂಡಿಗೆ ಎರಡು ಹೊಲಿಗೆ.

ಮಾವ ಕಾಗದ ಓದಿ ಕನ್ನಡಕ ತೆಗೆದಿಟ್ಟರು. "ಟೈಪ್ ಮಾಡೋವಾಗ ಬಿಟ್ಟಿರ್ಬೇಕು ನೋಡಮ್ಮ. ಎಲ್ಲರಿಗೂ ಆಗುತ್ತೆ." ಎಷ್ಟು ಮೆತ್ತಗೆ ಅಂದರು ಅಂದರೆ — ಬೈದಿದ್ದರೆ ವಾಸಿಯಿತ್ತು.

ನಾನು? ಬಿಟ್ಟೆನಾ? ಅಲ್ಪವಿರಾಮ ಬಿಟ್ಟವಳಲ್ಲ, ಇಡೀ ಗೇಟು ಬಿಡುತ್ತೇನಾ?

ಮಾರ್ಚ್ 9, ಭಾನುವಾರ

ಹಸ್ತಪ್ರತಿ ತೆಗೆದು ಸಾಲು ಸಾಲಾಗಿ ಹೋಲಿಸಿದೆ. ಗೇಟು ಇಲ್ಲ, ಕವಲು ಇಲ್ಲ, ಕಂಬ ಇಲ್ಲ. ಮಾವನೇ ಬರೆದಿಲ್ಲ!

ಗೆದ್ದೆ ಎಂದು ಕುಣಿಯಬೇಕಿತ್ತು. ಒಂದು ನಿಮಿಷ ಕುಣಿದೆ ಕೂಡ, ಮನಸ್ಸಿನಲ್ಲೇ. ಆಮೇಲೆ ಖುಷಿ ಎಲ್ಲಿ ಹೋಯಿತೋ. ನೀರಿಗಿಳಿಯುವ ಮೆಟ್ಟಿಲು ಎಷ್ಟು ಎಂದು ಎಣಿಸಿ ಬರೆದಿದ್ದಾರೆ, ಹನ್ನೊಂದು. ಆಳೆತ್ತರದ ಗೇಟು ಹೇಗೆ ಬಿಟ್ಟರು?

ಇವರಿಗೆ ಹೇಳಿದೆ. ನೈಟ್ ಶಿಫ್ಟಿನಿಂದ ಬಂದು ಕಣ್ಣು ಬಿಡಲಾರದೆ ಕುಳಿತಿದ್ದರು. "ಅಪ್ಪಂಗೆ ವಯಸ್ಸಾಯ್ತು ಕಣೆ" ಎಂದು ಮಗ್ಗುಲಾದರು.

ಮಾರ್ಚ್ 12, ಬುಧವಾರ. ಊಟದ ನಂತರ

ಮಾವನ ತಟ್ಟೆಯಲ್ಲಿ ಇವತ್ತೂ ತರಕಾರಿ ಹಾಗೇ ಉಳಿದಿದೆ. ಎಷ್ಟೋ ತಿಂಗಳಿಂದ ಇದೇ ಕಥೆ. ಅತ್ತೆಯ ಕೈರುಚಿ ನನಗೆ ಬರಲಿಲ್ಲ ಎಂದು ನಾನು ಮುಖ ಊದಿಸಿಕೊಂಡಿದ್ದೇ ಬಂತು. ಇವತ್ತು ತಡೆಯಲಾರದೆ ಕೇಳಿದೆ. "ತರಕಾರಿ ಎಲ್ಲಿ ಹಾಕಿದ್ದೀಯಮ್ಮ?" ಎಂದರು. ತಮಾಷೆ ಅಂದುಕೊಂಡೆ. ತಟ್ಟೆ ತಿರುಗಿಸಿದೆ. "ಓ!" ಎಂದು ಪೂರ್ತಿ ತಿಂದರು. ಇನ್ನೂ ಇದೆಯಾ ಎಂದು ಕೇಳಿದರು.

ಎಡ ಮೊಣಕೈ ತರಚಿದೆ. ಔಷಧಿ ಹಚ್ಚುವಾಗ ಹೇಗಾಯಿತು ಎಂದೆ. "ಕಂಬ ಎಲ್ಲಿಂದ ಬಂತೋ ಏನೋ." ನಕ್ಕರು. ನನಗೆ ನಗು ಬರಲಿಲ್ಲ.

ಮಾರ್ಚ್ 16, ಭಾನುವಾರ

ಗೆಳತಿಯ ಮನೆಗೆ ಎಂದು ಸುಳ್ಳು ಹೇಳಿ ಕಾಲುವೆಗೆ ಹೋದೆ. ಸೈಕಲ್ ಮುಟ್ಟಿ ಇಪ್ಪತ್ತು ವರ್ಷ, ಧೈರ್ಯ ಬರಲಿಲ್ಲ. ನಡೆದೆ. ಕೈಯಲ್ಲಿ ಪುಸ್ತಿಕೆ. ಒಂದು ಮೋಟರಿನ ಸದ್ದಿಲ್ಲ. ಚಪ್ಪಲಿಯ ಸದ್ದು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಈ ಮನುಷ್ಯ ದಿನಾ ಯಾಕೆ ಇಲ್ಲಿಗೆ ಓಡಿಬರುತ್ತಾರೆ ಎಂದು ಇವತ್ತು ಗೊತ್ತಾಯಿತು.

ಬಲಗಡೆ ನೀರು. ತೂಬು, ಮೆಟ್ಟಿಲು, ಮುರಿದ ದೋಣಿ, ಬಟ್ಟೆ ಒಗೆಯುವ ಕಲ್ಲು... ಒಂದೂ ತಪ್ಪಿಲ್ಲ. ಎಡಗಡೆ ಹೊಲ. ಗೇಟು, ಕವಲು, ಕಂಬ, ಬೋರ್ವೆಲ್ಲು, ನೆರಳಿಗೆ ಹಾಕಿದ ಬೆಂಚು. ಪುಸ್ತಿಕೆಯಲ್ಲಿ ಒಂದೂ ಇಲ್ಲ. ಸೇತುವೆ ದಾಟಿ ಆಚೆ ಏರಿಯಲ್ಲಿ ಬಂದೆ. ಅಲ್ಲೂ ಹಾಗೇ. ಬಲಗಡೆಯದ್ದೆಲ್ಲ ಇದೆ. ಎಡಗಡೆ ಏನೂ ಇಲ್ಲ.

ತಟ್ಟೆಯ ಎಡಗಡೆ. ಎಡ ಮೊಣಕೈ.

ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತೆ. ಯಾರೂ ಇರಲಿಲ್ಲ, ಜೋರಾಗಿಯೇ ಅತ್ತೆ.

ಮಾರ್ಚ್ 18, ಮಂಗಳವಾರ

ಹೇಳಿದೆ. ಅಡುಗೆಮನೆ ಮೇಜಿನ ಮೇಲೆ ಪುಟಗಳನ್ನು ಹರಡಿ, ದಾರಿಯ ಗೆರೆ ಎಳೆದು, ಬಿಟ್ಟುಹೋದದ್ದು ಇರುವ ಜಾಗಕ್ಕೆಲ್ಲ ಕೆಂಪು ಸುತ್ತು ಹಾಕಿ ತೋರಿಸಿದೆ. ಸುತ್ತೆಲ್ಲ ಒಂದೇ ಕಡೆ. ಮಾವ ಬಹಳ ಹೊತ್ತು ನೋಡಿದರು.

"ನಾನು ಕುರುಡ ಅಂತೀಯಾ?"

"ಎಡಗಡೆ ಕಾಣ್ತಿಲ್ಲ ಅಂತೀನಿ ಮಾವ."

"ನಂಗೆ ಎಲ್ಲಾ ಕಾಣ್ತಿದೆ."

"ನಿಮ್ಮ ಎಡಗಡೆ ಯಾರು ನಿಂತಿದ್ದಾರೆ ಈಗ?"

ಇವರು ಅಲ್ಲೇ ನಿಂತು ಆಗಲೇ ಹತ್ತು ನಿಮಿಷವಾಗಿತ್ತು. ಮಾವ ತಲೆ ತಿರುಗಿಸಿ ಮಗನನ್ನು ಕಂಡು ಬೆಚ್ಚಿಬಿದ್ದರು. ಹಾಗೆ ಕೇಳಬಾರದಿತ್ತು. ನನ್ನ ಬಾಯಿಗೆ ಬೀಗ ಹಾಕಬೇಕು.

ಮಾರ್ಚ್ 21, ಶುಕ್ರವಾರ

ಆಸ್ಪತ್ರೆ. ಸ್ಕ್ಯಾನ್. ಕಣ್ಣು ಚೆನ್ನಾಗಿಯೇ ಇವೆಯಂತೆ. ಡಾಕ್ಟರಮ್ಮ ಹೇಳಿದ್ದು ಹೀಗೆ: "ಯಾವಾಗಲೋ ಮೆದುಳಲ್ಲಿ ಸಣ್ಣ ಸ್ಟ್ರೋಕ್ ಆಗಿಹೋಗಿದೆ. ಆರು ತಿಂಗಳಾದ್ರೂ ಆಗಿರ್ಬೇಕು. ಎರಡು ಕಣ್ಣಲ್ಲೂ ಎಡಗಡೆ ಅರ್ಧ ಕಾಣಲ್ಲ. ಕಾಣ್ತಿಲ್ಲ ಅನ್ನೋದೂ ಇವರಿಗೆ ಗೊತ್ತಾಗಲ್ಲ." ಮಾತ್ರೆ ಬರೆದುಕೊಟ್ಟರು. ತಲೆ ತಿರುಗಿಸಿ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಒಬ್ಬರೇ ಸೈಕಲ್ ಹತ್ತುವ ಹಾಗಿಲ್ಲ.

ಆಟೋದಲ್ಲಿ ಒಂದೇ ಮಾತಾಡಿದರು. "ಹಾಗಾದ್ರೆ ನನ್ನ ಪುಸ್ತಕ ಸುಳ್ಳು."

ಏಪ್ರಿಲ್ 6, ಭಾನುವಾರ

ಬರೆಯಲು ಏನಿದೆ. ಸೈಕಲ್ಲಿಗೆ ಬೀಗ ಬಿದ್ದು ಹದಿನಾರು ದಿನ. ಫ್ಲಾಸ್ಕು ಮೇಲಿನ ಶೆಲ್ಫಿಗೆ ಹೋಯಿತು. ಮಾವ ಎದ್ದು ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ. ಮತ್ತೆ ಅದೇ ಗೋಡೆ. ಟೀಚರಮ್ಮನಿಗೆ ಕ್ಷಮೆ ಕೇಳಿ ಕಾಗದ ಬರೆದರು, ನಾನೇ ಪೋಸ್ಟ್ ಮಾಡಿದೆ. ಪುಸ್ತಿಕೆ ನಿಲ್ಲಿಸಿಬಿಡಿ ಎಂದು ಸಂಘಕ್ಕೆ ಇನ್ನೊಂದು ಬರೆದಿದ್ದರು. ಅದನ್ನು ಪೋಸ್ಟ್ ಮಾಡಲಿಲ್ಲ. ನನ್ನ ಚೀಲದಲ್ಲೇ ಇದೆ.

ಇವರು ಸೈಕಲ್ ಮಾರೋಣ ಎಂದರು, ಕಣ್ಣೆದುರಿಗೆ ಇದ್ದರೆ ಅಪ್ಪನಿಗೆ ಸಂಕಟ ಎಂದು. ಜಗಳವಾಡಿದೆ. ನನ್ನ ಸ್ವಂತ ಅಪ್ಪ ಹೋದಾಗ ನಾನು ಹನ್ನೆರಡರವಳು, ಏನೂ ಮಾಡಲಾಗಲಿಲ್ಲ. ಈ ಅಪ್ಪನನ್ನು ಗೋಡೆಗೆ ಬಿಟ್ಟುಕೊಡುವುದಿಲ್ಲ. ಹಾಗಂತ ಇವರಿಗೆ ಹೇಳಿಯೂಬಿಟ್ಟೆ.

ಏಪ್ರಿಲ್ 10, ಗುರುವಾರ

ಸೈಕಲ್ ರಿಪೇರಿಯವನ ಅಂಗಡಿಯ ಅಟ್ಟದಲ್ಲಿ ಜೋಡಿ ಸೈಕಲ್ಲಿದೆ! ಎರಡು ಸೀಟು, ಎರಡು ಜೊತೆ ಪೆಡಲ್ಲು. ಯಾರೋ ಬಿಟ್ಟುಹೋಗಿದ್ದಂತೆ. ಟೈರು ಬದಲಿಸಿಕೊಡುತ್ತಾನಂತೆ. "ಮುಂದೆ ಯಾರಕ್ಕ ಕೂರೋರು?" ಎಂದ. ನಾನು ಎಂದೆ. ಮೇಲಿಂದ ಕೆಳಗೆ ಒಮ್ಮೆ ನೋಡಿದ, ಪಾಪ.

ಮಾವನಿಗೆ ಹೇಳಿದೆ. "ಹಿಂದೆ ಕೂತ್ಕೊಂಡು ಹೋಗೋಕೆ ನಾನೇನು ಮೂಟೆಯಾ?" ಎಂದು ಗೋಡೆಯ ಕಡೆ ತಿರುಗಿದರು.

ಏಪ್ರಿಲ್ 20, ಭಾನುವಾರ. ಬೆಳಗ್ಗೆ 8

ಹತ್ತು ದಿನದಿಂದ ಪ್ರೆಸ್ಸಿಗೆ ಹೋಗುವ ಮೊದಲು ಅಂಗಡಿಯ ಹಿಂದಿನ ಬಯಲಿನಲ್ಲಿ ಕಲಿಕೆ. ರಿಪೇರಿಯವನು ಹಿಂದಿನ ಸೀಟಿನಲ್ಲಿ. ನಾಲ್ಕು ಸಲ ಬಿದ್ದೆವು. ಈಗ ಅವನು ದೇವರ ಹೆಸರು ಹೇಳುವುದನ್ನು ನಿಲ್ಲಿಸಿದ್ದಾನೆ, ಅಂದರೆ ನಾನು ಕಲಿತೆ ಎಂದು ಅರ್ಥ.

ಮನೆಗೆ ಬಂದಾಗ ಮಾವ ನನ್ನ ಅಂಗೈ ನೋಡಿದರು. ಚರ್ಮ ಕಿತ್ತಿತ್ತು. ಯಾಕಮ್ಮ ಇದೆಲ್ಲ ಎಂದರು. ಕೋಪ ನೆತ್ತಿಗೇರಿತು. "ನೀರಿನ ಕಡೆ ನೀವು ನೋಡಿ, ಹೊಲದ ಕಡೆ ನಾನು ನೋಡ್ತೀನಿ. ಪುಸ್ತಕ ಸುಳ್ಳಲ್ಲ ಮಾವ, ಅರ್ಧ ಆಗಿದೆ ಅಷ್ಟೆ. ಅರ್ಧ ಕೆಲಸ ಬಿಟ್ಟು ಎದ್ದು ಹೋಗೋರಾ ನೀವು?"

ಮಾವ ಎದ್ದರು. ಒಳಗಿನಿಂದ ಮುಲಾಮು ತಂದು ಅಂಗೈಗೆ ಹಚ್ಚಿದರು.

ಏಪ್ರಿಲ್ 27, ಭಾನುವಾರ. ಕಾಲುವೆ, ಬೆಂಚಿನ ಮೇಲೆ. 7:20

ಇಲ್ಲೇ ಬರೆಯುತ್ತಿದ್ದೇನೆ. ಮೊದಲ ಸವಾರಿ.

ಮೊದಲ ಎರಡು ಮೈಲಿ ಹಿಂದೆ ಮಾವನ ಪೆಡಲು ಮಾತ್ರ ಸಮ ಬೀಳುತ್ತಿತ್ತು, ಅಷ್ಟರಿಂದಲೇ ಇದ್ದಾರೆ ಎಂದು ಗೊತ್ತು. ಸೂರ್ಯಕಾಂತಿ ಹೊಲದ ಹತ್ತಿರ ಬಂದಾಗ ಹಿಂದಿನಿಂದ ಸಣ್ಣ ದನಿ.

"ಎಡಗಡೆ ಏನಿದೆಯಮ್ಮ?"

ಹೇಳಿದೆ. ಸೂರ್ಯಕಾಂತಿ. ಗುಡ್ಡದ ಬುಡದವರೆಗೂ. ಎಲ್ಲಾ ಬಿರಿದಿವೆ.

"ನಿಲ್ಸು."

ಇಳಿದರು. ಕಾಲುವೆಗೆ ಬೆನ್ನು ಮಾಡಿ ಇಡೀ ಮೈ ತಿರುಗಿಸಿ ನಿಂತರು. ತಲೆಯನ್ನು ನಿಧಾನವಾಗಿ ಅತ್ತಿಂದಿತ್ತ ಆಡಿಸುತ್ತ, ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ. "ದಿನಾ ಇದರ ಪಕ್ಕದಲ್ಲೇ ಹೋದೆನಲ್ಲ" ಎಂದರು. ನಾನು ಹತ್ತಿರ ಹೋಗಲಿಲ್ಲ. ಹೋಗಿದ್ದರೆ ಇಬ್ಬರೂ ಅಳುತ್ತಿದ್ದೆವು.

ಕಾಲು ಗಂಟೆಯಾಯಿತು. ಇನ್ನೂ ನೋಡುತ್ತಿದ್ದಾರೆ. ನೋಡಲಿ. ಸಂಘಕ್ಕೆ ಬರೆದಿದ್ದ ಆ ಕಾಗದವನ್ನು ಈಗಷ್ಟೇ ಚೀಲದಿಂದ ತೆಗೆದು ಹರಿದೆ. ಇವತ್ತು ಎಷ್ಟು ಹೊತ್ತಾದರೂ

ಕರೆಯುತ್ತಿದ್ದಾರೆ. ಜೇಬಿನ ಪೆನ್ಸಿಲ್ಲು ತೆಗೆದು ನನ್ನ ಕಡೆ ಚಾಚಿದ್ದಾರೆ. "ಬರ್ಕೋಮ್ಮ, ಬರ್ಕೋ, ನಾನು ಹೇಳ್ತೀನಿ."

ಬೇರೆ ಹಾಳೆಯಿಲ್ಲ. ಇಲ್ಲೇ ಬರೆದುಕೊಳ್ಳುತ್ತೇನೆ.

ಎಡಗಡೆ: ಬೆಂಚು, ಒಂದು. ನೆರಳಿದೆ. ಬೇಲಿ. ಬೇಲಿಯಾಚೆ ಸೂರ್ಯಕಾಂತಿ, ಅಂದಾಜು ಎಂಟು ಎಕರೆ — ಅಲ್ಲ, ತಡಿ ಅನ್ನುತ್ತಿದ್ದಾರೆ, ಇನ್ನೂ ಇದೆಯಂತೆ, ಆಚೆ ತುದಿಯಲ್ಲಿ