ನನ್ನ ಅಕೌಂಟು, ನಿನ್ನ ಫೋನು

ಕಿರಂಗೂರು
ಬುಧವಾರ

ಪವಿತ್ರ,

ನಾನು ಫೋನ್ ಮಾಡಿದ್ರೆ ನೀನು ಎತ್ತಲ್ಲ, ಅದಕ್ಕೇ ಈ ಕಾಗದ.

ನಿಂಗೆ ಫೋನು ತಂದ್ಕೊಟ್ಟ ದಿನ ನನ್ನ ಅಕೌಂಟನ್ನೇ ಹಾಕ್ಕೊಟ್ಟಿದ್ದೆ. ನಮ್ಮನೇಲಿ ಎಲ್ರ ಫೋನೂ ಅಂಗೇ ತಾನೆ. ನೀನು ತೆಗೆದ ಫೋಟೋ ಎಲ್ಲ ನನ್ನ ಫೋನಿಗೂ ಬರ್ತಿದ್ವು. ನಾಟಿ ಗದ್ದೆ, ನಿನ್ನ ಸ್ಕೂಲು ಮಕ್ಳು, ಆಮೇಲೊಂದಿನ ಡಾಕ್ಟ್ರು ನಿಂಗೆ ಬರ್ಕೊಟ್ಟ ಫಿಟ್ಸ್ ಮಾತ್ರೆ ಚೀಟಿ. ನೋಡಿ ಸುಮ್ನಿರಬೇಕಿತ್ತು. ಅವ್ವಂಗೆ ಹೇಳ್ಬುಟ್ಟೆ. ಅವ್ವ ಅತ್ತೆ ಹತ್ರ ಹೇಳ್ಕೊಂಡು ಗೋಳಾಡಿದ್ಲು. ಮಾತು ನಿಂಗೆ ನೋಡಿದ್ದ ಗಂಡಿನ ಊರು ಶೀಳನೆರೆಗೂ ಮುಟ್ತು, ಗಂಡಿನವರು ಈ ಸಂಬಂಧ ಬ್ಯಾಡ ಅಂದ್ಬುಟ್ರು. ಆ ಭಾನುವಾರ ನೀನೇ ಹುಡುಗನ ಕೂರಿಸ್ಕೊಂಡು ಫಿಟ್ಸ್ ವಿಷ್ಯ ಹೇಳೋಳಿದ್ದೆ ಅಂತ ಆಮೇಲೆ ಗೊತ್ತಾಯ್ತು.

ಪಾಂಡವಪುರದ ಮೊಬೈಲ್ ಅಂಗಡಿ ನಂಜೇಶ ಸಿಕ್ಕಿದ್ದ. ಫೋನಿನ ಸಿಸ್ಟಮ್ಮನ್ನೇ ಅಳಿಸಿ, ಯಾರ ಅಕೌಂಟೂ ಕೇಳದ, ಯಾರಿಗೂ ಏನೂ ಮುಟ್ಟಿಸದ ಬೇರೆ ಸಿಸ್ಟಂ ಹಾಕಿಸ್ಕೊಂಡೆಯಂತೆ.

"ಅಕೌಂಟ್ ಬದಲಾಯಿಸಿದ್ರೆ ಸಾಕಿತ್ತಲ್ಲ ಕಣ್ಲಾ" ಅಂದೆ.

"ನಾನೂ ಅದನ್ನೇ ಹೇಳ್ದೆ ಕಣಣ್ಣ. ಯಾರನ್ನೂ ನಂಬೋ ಅಗತ್ಯ ಇಲ್ಲದ್ದು ಬೇಕು ಅಂದ್ರು" ಅಂದ.



ಎಲ್ಲ ಅಳಿಸಿದ ಮೇಲೆ ಆ ಚೀಟಿ ಫೋಟೋನೂ ಹೋಗಿರುತ್ತೆ. ನನ್ನತ್ರ ಇದ್ದದ್ದನ್ನ ಪ್ರಿಂಟ್ ತೆಗೆಸಿ ಇದರೊಳಗೆ ಮಡಚಿಟ್ಟಿದ್ದೀನಿ. ಮಾತ್ರೆ ಒಂದಿನಾನೂ ತಪ್ಪಿಸ್ಬ್ಯಾಡ ಕಣವ್ವ. ನನ್ನ ಫೋನಲ್ಲಿದ್ದ ನಿನ್ನ ಫೋಟೋ ಎಲ್ಲ ಅಳಿಸ್ಬುಟ್ಟೆ.

ನಾಗಮಂಗಲದ ನಿನ್ನ ಹೊಸ ರೂಮು ಎಂಗದೆ ಅಂತ ಅವ್ವ ಕೇಳ್ತಾನೇ ಅವ್ಳೆ. ಫೋಟೋ ಕಳ್ಸು ಅಂತ ನಾನು ಕೇಳಲ್ಲ. ಆದ್ರೆ ಈಗ ಒಂದು ಬಂದ್ರೆ, ಅದು ನೀನಾಗೇ ಕಳ್ಸಿದ್ದು.

ನಿನ್ನ ಅಣ್ಣ,
ಚಿಕ್ಕಸ್ವಾಮಿ