ಮಗುವನ್ನು ಎತ್ತಿಕೊಳ್ಳಲು ಬಂದವರು

ಅಮ್ಮಾ,

ನಾವು ಮೂವರೂ ಕ್ಷೇಮ. ನಮ್ಮ ಫಿಜಿಯಲ್ಲಿ ಮಗು ಹುಟ್ಟಿದರೆ ನೆಂಟರೆಲ್ಲ ಉಡುಗೊರೆಯ ಚಾಪೆ ಹೊತ್ತು ಬಂದು ಎತ್ತಿಕೊಳ್ಳುತ್ತಾರೆಂದು ನಿನ್ನ ಅಳಿಯ ಭಾನುವಾರದ ಆರಾಧನೆಯಲ್ಲಿ ಹೇಳಿಬಿಟ್ಟರು. ಈ ಪಪುವಾ ಬೆಟ್ಟದಲ್ಲಿ ನಮಗೆ ನೆಂಟರೆಲ್ಲಿ? ಮರುದಿನ ನಮ್ಮ ಮಿಷನ್ ಆಸ್ಪತ್ರೆಯ ಕುಷ್ಠರೋಗದ ವಾರ್ಡಿನ ಹೆಂಗಸರು ಗೆಣಸು ಹೊತ್ತು ಬಾಗಿಲಿಗೆ ಬಂದರು. ಬಂದವರಿಗೆ ಮಗು ಕೊಡದಿದ್ದರೆ ಎಂಥ ಅವಮಾನವೆಂದು ನಿನಗೇ ಗೊತ್ತು. ಅವರ ರೋಗ ವಾಸಿಯಾಗಿದೆ, ಅಂಟುವುದಿಲ್ಲ ಎಂದು ನಾನೂ ಓದಿದವಳೇ. ಆದರೂ ಮಗುವನ್ನು ಹಿಡಿದ ತೋಳು ಸಡಿಲವಾಗಲಿಲ್ಲ.

"ಬೆರಳಿಲ್ಲ ಅಂತ ಯೋಚ್ನೆನಾ? ನನ್ ಮೊಮ್ಮಕ್ಕಳೆಲ್ಲ ಈ ಮೊಣಕೈ ಮೇಲೇ ಬೆಳೆದಿದ್ದು. ನಿನ್ ಕಣ್ ನೋಡ್ಕೊ, ಗೂಬೆನೇ ಹೆದರ್ಕೊಳ್ಳತ್ತೆ. ಕೊಡಿತ್ಲಾಗೆ, ಹೋಗ್ ಮಲಕ್ಕೋ!" ಎಂದು ಅವರಲ್ಲಿ ಹಿರಿಯಳಾದ ಕಿಪೆ ಅಜ್ಜಿ ಗದರಿದಳು.

ಕೊಟ್ಟೆ. ಕಿಟಕಿಯಿಂದ ನೋಡುತ್ತಿರೋಣವೆಂದು ಕುಳಿತವಳು ಗೋಡೆಗೊರಗಿ ನಿದ್ದೆಹೋದೆ, ಹೆರಿಗೆಯಾದ ಮೇಲೆ ಮೊದಲ ಸಲ. ಎದ್ದಾಗ ಸಂಜೆ. ಮಗು ಯಾರದೋ ತೋಳಿನಲ್ಲಿ ಸಣ್ಣಗೆ ಗೊರಕೆ ಹೊಡೆಯುತ್ತಿತ್ತು. ಉಳಿದವರು ತಮ್ಮ ಸರದಿಗಾಗಿ ಪಿಸುಮಾತಿನಲ್ಲೇ ಜಗಳವಾಡುತ್ತಿದ್ದರು.

ಹೆರಿಗೆಯ ಮೇಲೆ ಬಂದಿದ್ದ ಜ್ವರವೂ ಬಿಟ್ಟಿದೆ. ಅಂಚೆಯ ವಿಮಾನ ಹೊರಡುತ್ತಿದೆ. ನೀನು ಬರಲಾಗಲಿಲ್ಲವೆಂದು ಕೊರಗಬೇಡ. ಚಾಪೆ ಕಳಿಸುವುದಾದರೆ ದೊಡ್ಡದನ್ನೇ ಕಳಿಸು, ಇವರೆಲ್ಲ ಕೂರಬೇಕು.

ವಸೀತಿ