ಹೆರಿಗೆಗೆ ಹೊರಟಾಗ ಮಾತ್ರ ನಿಲ್ಲುವ ಬೈಕು

ಗ್ಯಾರೇಜಿನ ಮೇಜಿನಿಂದ,
ಅಕ್ಟೋಬರ್ ೧೧, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಕಾವಿಗೆ ಬೆನ್ನಿನ ತುಂಬ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಕೆರೆದುಕೊಳ್ಳಬೇಡ. ಕೈ ಸುಮ್ಮನಿಟ್ಟುಕೊಳ್ಳುವುದು ನಿನಗೆ ಹುಟ್ಟಿದಾಗಿನಿಂದ ಬಂದಿಲ್ಲ, ಆದರೂ ಹೇಳುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಮಂಡಿ ಅದರ ಪಾಡಿಗೆ ಅದು ನೋಯುತ್ತದೆ, ನನ್ನ ಪಾಡಿಗೆ ನಾನು ಓಡಾಡುತ್ತೇನೆ, ಒಬ್ಬರ ತಂಟೆಗೆ ಒಬ್ಬರು ಹೋಗುವುದಿಲ್ಲ. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ಹಡಗಿನ ಫೋನು ಅರ್ಧ ಮಾತಿಗೇ ಕತ್ತರಿಸುತ್ತದೆ. ಅದಕ್ಕೇ ಈ ಕಾಗದ. ಕೂತು ಓದು, ವಿಷಯ ಉದ್ದವಿದೆ, ಅದೂ ನಿನ್ನ ಹೆಂಡತಿಯ ವಿಷಯ.

ಹೋದ ಸಲ ನೀನು ಬರೆದದ್ದನ್ನು ನಾನು ಅವಳಿಗೆ ಇದ್ದದ್ದು ಇದ್ದ ಹಾಗೆ ಓದಿ ಹೇಳಿದ್ದೆ. ಈ ತಿಂಗಳ ಕೊನೆಯವರೆಗೂ ಗಿರಾಕಿಗಳು ಬರದಿದ್ದರೆ ಗ್ಯಾರೇಜನ್ನು ಪಕ್ಕದ ಟಯರಿನವನಿಗೆ ಬಿಟ್ಟುಕೊಡಿ, ಅವಳೊಬ್ಬಳೇ ಎಷ್ಟು ಅಂತ ಹೆಣಗುತ್ತಾಳೆ, ಎಂದು ನೀನು ಬರೆದಿದ್ದೆ. ಅವಳು ಸ್ಪ್ಯಾನರ್ ಒರೆಸುತ್ತಲೇ "ಸರಿ ಅತ್ತೆ" ಅಂದಳು. ನೀನು ಬರೆದದ್ದು ಸುಳ್ಳು ಎಂದು ನಾನು ಹೇಳುವುದಿಲ್ಲ. ನೀನು ಹೋದ ಮೇಲೆ ಬರುತ್ತಿದ್ದವರೂ ಬಾಗಿಲ ತನಕ ಬಂದು, ಮೈಯೆಲ್ಲ ಗ್ರೀಸು ಮಾಡಿಕೊಂಡು ನಿಂತಿರುವ ಅವಳನ್ನೇ ನೋಡಿ, "ಮೆಕ್ಯಾನಿಕ್ ಯಾವಾಗ ಬರ್ತಾರೆ?" ಎಂದು ಕೇಳಿ ತಿರುಗಿ ಹೋಗುತ್ತಿದ್ದರು. ಮದುವೆಯಾಗಿ ಬಂದ ವರ್ಷದಿಂದ ನಿನ್ನ ಪಕ್ಕದಲ್ಲೇ ಕೂತು ಇಂಜಿನ್ನು ಬಿಚ್ಚಿದವಳು ಅವಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಈ ಬೀದಿಯವರಿಗೂ ಹಾಗೇ ಆಗಿತ್ತು. ಕೊನೆಗೆ ಉಳಿದದ್ದು ನರ್ಸಮ್ಮನ ಬೈಕು ಒಂದೇ. ಅದೂ ಎಂಥ ಬೈಕು!

ಹೆರಿಗೆ ಮಾಡಿಸುವ ನರ್ಸಮ್ಮನನ್ನು ನೀನು ಮರೆತಿಲ್ಲ ತಾನೇ? ಪಿಸುಗುಟ್ಟಿದರೂ ಮೂರು ಮನೆಗೆ ಕೇಳಿಸುವ ಗಂಟಲಿನವಳು. ಅವಳ ಬೈಕು ಓಡುತ್ತ ಓಡುತ್ತಲೇ ಸತ್ತುಹೋಗುತ್ತಿತ್ತು. ಲೈಟು, ಹಾರ್ನು, ಇಂಜಿನ್ನು ಮೂರೂ ಒಟ್ಟಿಗೆ. ಸ್ವಲ್ಪ ಹೊತ್ತಿಗೆ ಏನೂ ಆಗದವರ ಹಾಗೆ ಮತ್ತೆ ಜೀವ ಬರುತ್ತಿತ್ತು. ನಮ್ಮಲ್ಲಿಗೆ ತಂದು ನಿಲ್ಲಿಸಿದರೋ, ನೆಂಟರ ಮನೆಗೆ ಬಂದ ಮಗುವಿನಂತೆ ಮಹಾ ಸಾಧು. ಸೊಸೆ ಬ್ಯಾಟರಿ ಬದಲಾಯಿಸಿದಳು, ಅದಕ್ಕೆ ಸೇರುವ ತಂತಿಯ ತುದಿಯ ಕಿಲುಬು ಉಜ್ಜಿದಳು, ಫ್ಯೂಸು ಹೊಸದು ಹಾಕಿದಳು. ಬಿಸಿಲಲ್ಲಿ ಸೇತುವೆಯವರೆಗೆ ಓಡಿಸಿದಳು, ಕೊಡಗಟ್ಟಲೆ ನೀರು ಸುರಿದು ಓಡಿಸಿದಳು. ಒಂದು ಸಲವೂ ನಿಲ್ಲಲಿಲ್ಲ. ಗುಣವಾಯಿತೆಂದು ಕೊಟ್ಟು ಕಳಿಸಿದರೆ ಮುಂದಿನ ವಾರ ಮತ್ತೆ ಅದೇ ಹಾಡು. ಕೊನೆಯ ಸಲವಂತೂ ಸೇತುವೆಯ ಮೇಲೆ ನಿಂತುಬಿಟ್ಟಿತು, ನರ್ಸಮ್ಮ ಬೈಕನ್ನು ಅಲ್ಲೇ ಬಿಟ್ಟು ಹೆರಿಗೆಯ ಮನೆಗೆ ಓಡುವಷ್ಟರಲ್ಲಿ ಕೂಸು ತಾನೇ ಹುಟ್ಟಿಬಿಟ್ಟಿತ್ತು. ದೇವರ ದಯೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಮಾರನೆಯ ದಿನ ನರ್ಸಮ್ಮ ನಮ್ಮ ಬಾಗಿಲಲ್ಲಿ ನಿಂತು, "ಬೇಜಾರು ಮಾಡ್ಕೋಬೇಡ ಕಣಮ್ಮ, ಇನ್ನೊಂದು ಸಲ ನಿಂತ್ರೆ ನಾನು ಬೇರೆ ಕಡೆ ತೋರಿಸ್ತೀನಿ. ನನ್ನ ಕೆಲಸ ಕಾಯೋ ಅಂಥದ್ದಲ್ಲ" ಅಂದಳು. ಅವಳ ಗಂಟಲು ಗೊತ್ತಲ್ಲ, ಬೀದಿಯೆಲ್ಲ ಕೇಳಿಸಿಕೊಂಡಿತು.

ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ನಿನ್ನ ಹೆಂಡತಿ ಅವಳಿಗೆ ಸ್ಟೂಲು ಹಾಕಿ ಕೂರಿಸಿ, ಚಹಾ ಕೊಟ್ಟು, ಒಂದು ಪ್ರಶ್ನೆ ಕೇಳಿದಳು. ಯಾವಾಗ ನಿಲ್ಲುತ್ತದೆ ಎಂದು ನಾವೆಲ್ಲ ಕೇಳಿ ಕೇಳಿ ಸಾಕಾಗಿತ್ತು. ಇವಳು, ಯಾವಾಗ ನಿಲ್ಲುವುದಿಲ್ಲ ಎಂದು ಕೇಳಿದಳು. ನರ್ಸಮ್ಮ ಯೋಚಿಸಿದಳು. ಪೇಟೆಗೆ ಹೋಗುವಾಗ ನಿಂತಿಲ್ಲ. ತಂಗಿಯ ಮನೆಗೆ ಹೋಗುವಾಗಲೂ ಇಲ್ಲ. ಆಮೇಲೆ ತೊಡೆ ತಟ್ಟಿಕೊಂಡು, "ಹೆರಿಗೆಗೆ ಹೊರಟಾಗ್ಲೇ ನಿಲ್ಲುತ್ತೆ, ದರಿದ್ರದ್ದು!" ಎಂದು ಕೂಗಿದಳು. ಪಕ್ಕದಿಂದ ಟಯರಿನವನು ಇಣುಕಿ, "ನಾನು ಮೊದಲೇ ಹೇಳಿರ್ಲಿಲ್ವಾ, ಅದರ ಗ್ರಹಚಾರ ಸರಿ ಇಲ್ಲ, ಮಾರಿಬಿಡಿ" ಅಂದ. ಸೊಸೆ ನಕ್ಕಳು ಕಣೋ. ಎಷ್ಟು ದಿನಕ್ಕೆ ಅವಳ ನಗು ಕೇಳಿದೆ! "ಹೆರಿಗೆ ಅಂದ್ರೆ ಬೈಕಿಗೆ ಏನು ಗೊತ್ತು? ಅವತ್ತು ಅದರ ಮೇಲೆ ಬೇರೆ ಏನಿರುತ್ತೆ, ಅದನ್ನ ಹೇಳಿ" ಅಂದಳು. ಇನ್ನೇನಿರುತ್ತದೆ, ಹೆರಿಗೆಯ ಬ್ಯಾಗು. ಕತ್ತರಿ, ಔಷಧಿ, ಬಟ್ಟೆ ಎಲ್ಲ ತುಂಬಿದ ಹೆಣಭಾರದ ಬ್ಯಾಗು. ಅದನ್ನು ಹ್ಯಾಂಡಲಿನ ಎಡಕ್ಕೆ ತೂಗುಹಾಕಿಕೊಂಡು ಹೋಗುತ್ತಾಳೆ. ನಮ್ಮಲ್ಲಿಗೆ ಬೈಕು ಬಿಡಲು ಬರುವಾಗ ಬ್ಯಾಗನ್ನು ಮನೆಯಲ್ಲಿಟ್ಟು ಬರುತ್ತಾಳೆ. ನಮ್ಮ ಕಣ್ಣಿಗೆ ಅದು ಬೀಳುವುದಾದರೂ ಹೇಗೆ?

ಬ್ಯಾಗು ತರಿಸಿದ್ದಾಯಿತು. ನರ್ಸಮ್ಮ ಹೆರಿಗೆಗೆ ಹೊರಡುವ ಹಾಗೆಯೇ ಬೈಕಿನ ಮೇಲೆ ಕೂತಳು. ಸೊಸೆ ಒಂದು ಸಣ್ಣ ಬಲ್ಬಿಗೆ ತಂತಿ ಕಟ್ಟಿ, ಬೈಕಿನ ಕರೆಂಟು ಕೀಲಿಯ ಹತ್ತಿರದಿಂದ ಎಲ್ಲ ಕಡೆಗೂ ಹಂಚಿಹೋಗುವ ಜಾಗಕ್ಕೆ ಸೇರಿಸಿ, ಉರಿಯುವ ಬಲ್ಬನ್ನು ನನ್ನ ಕೈಗೆ ಕೊಟ್ಟಳು. "ಅತ್ತೆ, ಇದರ ಮೇಲಿಂದ ಕಣ್ಣು ತೆಗೀಬೇಡಿ. ಆರಿದ ತಕ್ಷಣ ಕೂಗಿ." ಮೂರೂ ಒಟ್ಟಿಗೆ ಸಾಯುತ್ತವೆ ಅಂದರೆ ಮೂರಕ್ಕೂ ಕರೆಂಟು ಹೋಗುವ ದಾರಿಯಲ್ಲೇ ಎಲ್ಲೋ ಕೆಟ್ಟಿದೆ, ಎಂದು ನನಗೆ ತಿಳಿಯುವ ಹಾಗೆ ಹೇಳಿದಳು. ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದರು, ಬಲ್ಬು ಉರಿಯುತ್ತಲೇ ಇತ್ತು. ನೆಟ್ಟಗೆ ತಂದರು, ಉರಿಯಿತು. ಎಡಕ್ಕೆ ತಿರುಗಿಸಿದಾಗ ಬ್ಯಾಗಿನ ಪಟ್ಟಿ ತಂತಿಗಳ ಕಟ್ಟನ್ನು ಜಗ್ಗಿತು ನೋಡು, ಬಲ್ಬು ಫಕ್ಕನೆ ಆರಿತು. ನಾನು "ಆರ್ತು! ಆರ್ತು!" ಎಂದು ಕಿರುಚಿದ ರಭಸಕ್ಕೆ, ಯಾರಿಗೋ ಏನೋ ಆಯಿತೆಂದು ಟಯರಿನವನು ಟಯರು ಬಿಟ್ಟು ಓಡಿಬಂದ.

ಈಗ ನಿನಗೆ ಹೇಳಬೇಕಾದ ಮಾತು. ತಂತಿ ಒಳಗೆ ತುಂಡಾಗಿದ್ದದ್ದು ಒಂದು ಗಂಟಿನ ಕೆಳಗೆ. ಕಪ್ಪು ದಾರದಲ್ಲಿ ಸುತ್ತಿ ಸುತ್ತಿ, ಉಸಿರಾಡದಂತೆ ಬಿಗಿದು, ತುದಿ ಕಾಣದ ಹಾಗೆ ಒಳಗೆ ತುರುಕಿದ ಗಂಟು. ಅಂಥ ಗಂಟು ಹಾಕುವವರು ಈ ಪ್ರಪಂಚದಲ್ಲಿ ಒಬ್ಬರೇ, ನನ್ನ ಹೊಟ್ಟೆಯಲ್ಲಿ ಹುಟ್ಟಿದವರು. ಹೋದ ವರ್ಷ ನರ್ಸಮ್ಮನ ಬೈಕಿನ ತಂತಿಗಳನ್ನು ಅಚ್ಚುಕಟ್ಟು ಮಾಡಿದ್ದೆಯಲ್ಲ, ಅದೇ. ನೋಡಲು ಚೆಂದ, ಆದರೆ ಹ್ಯಾಂಡಲು ತಿರುಗುವಾಗ ತಂತಿಗೂ ಸ್ವಲ್ಪ ಜಾಗ ಬೇಕಲ್ಲವೇ? ಮೇಲಿನ ಪ್ಲಾಸ್ಟಿಕ್ಕು ನೆಟ್ಟಗಿತ್ತು, ಒಳಗಿನ ತಾಮ್ರ ಮುರಿದು, ಜಗ್ಗಿದರೆ ಅಗಲಿ, ಬಿಟ್ಟರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಸೊಸೆ ಆ ಗಂಟನ್ನು ನೋಡಿದಳು, ನನ್ನ ಮುಖ ನೋಡಿದಳು. "ಏನಾಗಿತ್ತು?" ಎಂದು ನರ್ಸಮ್ಮ ಕೇಳಿದರೆ, "ತಂತಿ ಒಳಗೇ ಮುರಿದಿತ್ತು" ಎಂದಷ್ಟೇ ಹೇಳಿ ಗಂಟನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ಟಯರಿನವನೂ ಅಲ್ಲೇ ನಿಂತಿದ್ದ, ಒಂದು ಮಾತು ಸಾಕಾಗಿತ್ತು ನಿನ್ನ ಮರ್ಯಾದೆ ತೆಗೆಯಲು. ತಿಂಗಳುಗಟ್ಟಲೆ ತಾನು ಕೆಟ್ಟ ಹೆಸರು ಹೊತ್ತುಕೊಂಡವಳು ನಿನ್ನ ಹೆಸರನ್ನು ಬಾಯಿಗೆ ತರಲಿಲ್ಲ. ನಾನಾದರೂ ತಡೆದುಕೊಳ್ಳುತ್ತಿದ್ದೆನೋ ಇಲ್ಲವೋ! ಬೈಕು ಹುಷಾರು ಮಾಡಿದ್ದಕ್ಕೆ ಹೆಮ್ಮೆಪಟ್ಟೆ, ಇದಕ್ಕೆ ಇನ್ನೂ ಹೆಚ್ಚು ಹೆಮ್ಮೆಪಟ್ಟೆ. ನಿನಗೆ ಹೇಳಬೇಡಿ ಎಂದು ಅವಳು ಕೇಳಿಕೊಂಡಿದ್ದಾಳೆ. ನಾನು ಯಾವತ್ತು ಯಾರ ಮಾತು ಕೇಳಿದ್ದೇನೆ?

ಕೆಟ್ಟ ತುಂಡು ಕತ್ತರಿಸಿ, ಹೊಸ ತಂತಿ ಬೆಸೆದು, ತಿರುಗಲು ಬೇಕಾದಷ್ಟು ಸಡಿಲ ಬಿಟ್ಟು ಕಟ್ಟಿದಳು. ಬ್ಯಾಗಿನ ಜೊತೆಗೆ ನನ್ನ ಸೀಮೆಎಣ್ಣೆ ಡಬ್ಬಿಯನ್ನೂ ತೂಗುಹಾಕಿ ತಿರುಗಿಸಿ ನೋಡಿದೆವು, ಬಲ್ಬು ಕಣ್ಣು ಮಿಟುಕಿಸಲಿಲ್ಲ. ಅದಾದ ಮೇಲೆ ನರ್ಸಮ್ಮ ಎಷ್ಟೋ ಹೆರಿಗೆಗೆ ಹೋಗಿ ಬಂದಳು, ಬೈಕು ಒಂದು ಸಲವೂ ನಿಂತಿಲ್ಲ. ಮೊನ್ನೆ ಅವಳಿ ಮಕ್ಕಳನ್ನು ಹೆರಿಸಿ ವಾಪಸು ಬರುತ್ತ ಬೀದಿಯ ತುದಿಯಿಂದಲೇ ಹಾರ್ನು ಒತ್ತಿಕೊಂಡು ಬಂದು, ನಮ್ಮ ಬಾಗಿಲಲ್ಲಿ ನಿಂತು, "ಇವಳ ಕೈ ಮುಟ್ಟಿದ ಬೈಕು ನಿಲ್ಲಲ್ಲ, ಬರೆದಿಟ್ಕೊಳ್ಳಿ!" ಎಂದು ಸಾರಿದಳು. ಆ ಗಂಟಲಿಗೆ ಅಂದು ಎರಡೂ ಕೈ ಮುಗಿದೆ. ಈಗ ಗ್ಯಾರೇಜಿನ ಮುಂದೆ ಬೈಕುಗಳು ಸಾಲು ನಿಂತಿವೆ, ನನಗೆ ಮೇಜಿನ ಹತ್ತಿರ ಬರಲು ಅಡ್ಡಡ್ಡ ನಡೆಯಬೇಕು. ಮೆಕ್ಯಾನಿಕ್ ಯಾವಾಗ ಬರುತ್ತಾರೆಂದು ಈಗ ಯಾರೂ ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ, ಜೊತೆಯವರ ಮೇಲೆ ರೇಗಬೇಡ. ನೀನು ಹೋದ ನೀರೆಲ್ಲ ನಿನಗೆ ದಾರಿ ಬಿಡಲಿ, ನೂರು ಕಾಲ ಚೆನ್ನಾಗಿ ಬಾಳು.

ನಿನ್ನ
ಅಮ್ಮ

ತಾ.ಕ.: ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ, ಚುಟುಕಾಗಿ ಬರೆಯುತ್ತೇನೆ. ನಿಮ್ಮಪ್ಪ ನನ್ನ ಹೆಸರಿಗೆ ಮಾಡಿಟ್ಟಿದ್ದ ಗ್ಯಾರೇಜನ್ನು ನಿನ್ನೆ ಅವಳ ಹೆಸರಿಗೆ ಬರೆದುಕೊಟ್ಟೆ. ನಿನ್ನನ್ನು ಕೇಳಲಿಲ್ಲ, ಕೇಳಬೇಕು ಅನ್ನಿಸಲೂ ಇಲ್ಲ. ಅವಳು ಅತ್ತಳು, ಆಮೇಲೆ ಮುಖ ತೊಳೆದುಕೊಂಡು ಕೆಲಸಕ್ಕೆ ಹೋದಳು. ಇವತ್ತು ಬೆಳಿಗ್ಗೆ ಟಯರಿನವನು ಬಂದು, ನೀನು ಹೇಳಿದ್ದೆಯೆಂದು ಜಾಗದ ಮಾತು ಎತ್ತಿದ. ಇನ್ನು ಮೇಲೆ ಏನು ಕೇಳುವುದಿದ್ದರೂ ಒಳಗೆ ಯಜಮಾನಿ ಇದ್ದಾಳೆ, ಅವಳನ್ನೇ ಕೇಳು ಎಂದು ಕಳಿಸಿದೆ. ನೀನು ಬಂದ ಮೇಲೆ ನಿನಗೂ ಅದೇ ಮಾತು.